ಮುಟ್ಟು ನಿಂತ ಮೇಲೆ ರಕ್ತ: ತಿಂಗಳು ಕಾಯಬೇಕಾ?

ಪ್ರಶ್ನೆ: ಅಮ್ಮನಿಗೆ 61 ವರ್ಷ. ಮುಟ್ಟು ನಿಂತು ಹತ್ತು ವರ್ಷ ದಾಟಿದೆ. ಈಗ ಎರಡು ಸಲ ಸ್ವಲ್ಪ ರಕ್ತ ಕಂಡಿದೆ, ನೋವಿಲ್ಲ. ಡಾಕ್ಟರು ಮಾತ್ರೆ ಕೊಟ್ಟು ಒಂದು ತಿಂಗಳು ನೋಡೋಣ ಅಂದಿದ್ದಾರೆ. ಹೋದ ವರ್ಷದ ಪ್ಯಾಪ್ ಸ್ಮಿಯರ್ ನಾರ್ಮಲ್. ಈಗಲೇ ತಜ್ಞರ ಹತ್ತಿರ ಹೋದರೆ ಆತುರ ಆಗುತ್ತದಾ?

ಉತ್ತರ (ಸ್ತ್ರೀ ಕ್ಯಾನ್ಸರ್ ತಜ್ಞೆ): ಖಂಡಿತ ಇಲ್ಲ. ದಯವಿಟ್ಟು ತಿಂಗಳು ಕಾಯಬೇಡಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಬರುವ ರಕ್ತ ಒಂದೇ ಸಲ ಬಂದಿದ್ದರೂ, ಕಲೆಯಷ್ಟೇ ಇದ್ದರೂ ತಪಾಸಣೆ ಆಗಲೇಬೇಕು. ಹೀಗೆ ಬರುವ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ಉಳಿದ ಒಬ್ಬರು ಯಾರು ಅಂತ ಮುಖ ನೋಡಿ ಹೇಳಲು ಆಗುವುದಿಲ್ಲ. ನೋವಿಲ್ಲ ಅನ್ನುವುದೂ ಧೈರ್ಯ ಕೊಡುವ ಮಾತಲ್ಲ, ಶುರುವಿನಲ್ಲಿ ನೋವು ಇರುವುದೇ ಕಡಿಮೆ.

ಪ್ಯಾಪ್ ಸ್ಮಿಯರ್ ನೋಡುವುದು ಗರ್ಭಕಂಠವನ್ನು. ಗರ್ಭಕೋಶದ ಒಳಪದರ ಸರಿಯಿದೆ ಅಂತ ಅದು ಹೇಳಲಾರದು. ಅದಕ್ಕೆ ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಕು. ಪದರ 4 ಮಿ.ಮೀ. ಅಥವಾ ಕಡಿಮೆ ಇದ್ದರೆ ಕ್ಯಾನ್ಸರ್ ಸಾಧ್ಯತೆ ತುಂಬಾ ಕಡಿಮೆ. ಜಾಸ್ತಿ ಇದ್ದರೆ ಬಯಾಪ್ಸಿ, ಅಂದರೆ ಪದರದ ಚೂರು ತೆಗೆದು ಪರೀಕ್ಷೆ. ಪದರ ತೆಳುವಾಗಿದ್ದೂ ಮತ್ತೆ ಮತ್ತೆ ರಕ್ತ ಬಂದರೆ ಆಗಲೂ ಬಯಾಪ್ಸಿಯೇ. ಅಮ್ಮ ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಂಡಿದ್ದರೆ ಮೊದಲೇ ಹೇಳಿ, ಅದರಿಂದ ಈ ಒಳಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

ಇನ್ನೊಬ್ಬರ ಪ್ರಶ್ನೆ: ನನ್ನ ಅತ್ತೆಗೆ 54. ರಕ್ತ ಇಲ್ಲ. ಎರಡು ತಿಂಗಳಿಂದ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುತ್ತದೆ. ಗ್ಯಾಸ್ ಮಾತ್ರೆ ನಡೆಯುತ್ತಿದೆ. ಅಂಡಾಶಯ ಕ್ಯಾನ್ಸರಿಗೆ ನೋಡುವ ಸಿಎ-125 ರಕ್ತಪರೀಕ್ಷೆಯಲ್ಲಿ 22 ಬಂದಿದೆ. ನಿಶ್ಚಿಂತೆ ಅಲ್ವಾ?

ಉತ್ತರ: ಅದೊಂದನ್ನೇ ನಂಬಬೇಡಿ. 35ರ ಒಳಗಿದ್ದರೆ ನಾರ್ಮಲ್ ಅಂತಾರೆ, ನಿಜ. ಆದರೆ ಮೊದಲ ಹಂತದ ಅಂಡಾಶಯ ಕ್ಯಾನ್ಸರಿನಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಅದು ಏರುವುದೇ ಇಲ್ಲ. ಐವತ್ತರ ನಂತರ ಹೊಸದಾಗಿ ಶುರುವಾಗಿ, ಬಿಡದೆ ಕಾಡುವ ಉಬ್ಬರವನ್ನು ಸುಮ್ನೆ ಗ್ಯಾಸ್ ಅಂದುಕೊಳ್ಳಬಾರದು. ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಸ್ಕ್ಯಾನ್ ಮಾಡಿಸಿ. ಡಾಕ್ಟರ ಕೈಗೆ ಗಡ್ಡೆ ಸಿಕ್ಕರೆ ಅಥವಾ ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಯಾವ ರಿಪೋರ್ಟಿಗೂ ಕಾಯದೆ ತಜ್ಞರಿಗೆ ಕಳಿಸಬೇಕು. ಗರ್ಭಕಂಠದ ಮೇಲೆ ಹುಣ್ಣೋ ಗಡ್ಡೆಯೋ ಕಂಡರೂ ಅಷ್ಟೇ.

ಸ್ಕ್ಯಾನಿನಲ್ಲಿ ಅನುಮಾನದ ಅಂಡಾಶಯದ ಗಡ್ಡೆ ಕಂಡರೆ ಸೂಜಿ ಚುಚ್ಚಿ ನೀರು ತೆಗೆಸಬೇಡಿ. ಅದು ಒಡೆದರೆ ಕ್ಯಾನ್ಸರ್ ಕೋಶಗಳು ಹೊಟ್ಟೆಯೊಳಗೆ ಹರಡಬಹುದು. ಮೊದಲ ಆಪರೇಷನ್ನೇ ಕ್ಯಾನ್ಸರ್ ತಜ್ಞರ ಕೈಯಲ್ಲಿ ಆಗಬೇಕು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ.

ಮೊದಲ ಪ್ರಶ್ನೆ ಕೇಳಿದವರು: ನಮ್ಮ ಡಾಕ್ಟರಿಗೆ ಬೇಜಾರಾಗದ ಹಾಗೆ ಹೇಗೆ ಕೇಳಲಿ?

ಉತ್ತರ: "ಮುಟ್ಟು ನಿಂತ ಮೇಲೆ ರಕ್ತ ಬಂದಿದೆ, ಸ್ತ್ರೀರೋಗ ತಜ್ಞರಿಗೆ ಚೀಟಿ ಬರೆದುಕೊಡಿ" ಅನ್ನಿ, ಸಾಕು. ತಜ್ಞರ ಹತ್ತಿರ ಹೋಗುವಾಗ ರಕ್ತ ಕಂಡ ತಾರೀಕು, ಈಗಿನ ಮಾತ್ರೆಗಳ ಹೆಸರು ಬರೆದುಕೊಂಡು ಹೋಗಿ. ಡಾಕ್ಟರು ಕೊಟ್ಟದ್ದು ಹಾರ್ಮೋನ್ ಮಾತ್ರೆಯಾದರೆ ಅದರಿಂದಲೇ ರಕ್ತ ನಿಂತಿರಬಹುದು. ನಿಂತಿತು ಅಂತ ಭೇಟಿ ರದ್ದು ಮಾಡಬೇಡಿ.