ಎಡ್ ಶೀರನ್ ತರಹದ ದೊಡ್ಡ ಶೋಗೆ ಮಗಳನ್ನು ಕರೆದುಕೊಂಡು ಹೋಗೋದು ಹೇಗೆ? ಹೋಗಿ ಬಂದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ನಮ್ಮ ಮಗಳಿಗೆ ಎಡ್ ಶೀರನ್ ಅಂದ್ರೆ ಪ್ರಾಣ. 2025ರ ಫೆಬ್ರವರಿಯಲ್ಲಿ ಅವರು ಬೆಂಗಳೂರಿಗೆ ಬಂದಾಗ ಎಸ್ಸೆಸ್ಸೆಲ್ಸಿ ಪರೀಕ್ಷೆ ಎದುರಿಗಿತ್ತು, ಕಳಿಸಲಿಲ್ಲ. ಆ ಮಾತು ಮನೆಯಲ್ಲಿ ಇನ್ನೂ ಬರ್ತಾನೇ ಇದೆ. ಮುಂದಿನ ಸಲ ಅವರಾಗಲಿ, ಅಂಥ ಬೇರೆ ಗಾಯಕರಾಗಲಿ ಈ ಕಡೆ ಬಂದರೆ ಕರೆದುಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೇನೆ. ನಾನು ನೋಡಿರೋದು ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಮಾತ್ರ. ಟಿಕೆಟ್ ಹೇಗೆ ತಗೋಬೇಕು, ಎಲ್ಲಿ ನಿಲ್ಲಬೇಕು, ರಾತ್ರಿ ವಾಪಸ್ ಹೇಗೆ? ಹೆಣ್ಣುಮಕ್ಕಳಿಬ್ಬರೇ ಹೋಗೋ ಜಾಗಾನಾ? ಸಿಂಗಾಪುರದಲ್ಲಿ ನನ್ನ ತಮ್ಮ ಇದ್ದಾನೆ, ಅಲ್ಲೇ ನೋಡೋದು ಸುಲಭ ಅಂತಾನೆ. ನಿಜಾನಾ?

ಉತ್ತರ, ದಾಸರಹಳ್ಳಿಯಿಂದ

ಮೇಡಂ, ನಾನು ಆ ಶೋಗೆ ಹೋಗಿದ್ದೆ. ಫೆಬ್ರವರಿ 8 ಮತ್ತು 9, ಎರಡು ದಿನ ಇತ್ತು, ತುಮಕೂರು ರಸ್ತೆಯ ನೈಸ್ ಮೈದಾನದಲ್ಲಿ. ಮೊದಲು ವಾಪಸ್ ಬರೋ ವಿಷಯ ಹೇಳ್ತೀನಿ. ಎಲ್ಲರೂ ಟಿಕೆಟ್ ಬಗ್ಗೆ ತಲೆ ಕೆಡಿಸ್ಕೋತಾರೆ, ಒದ್ದಾಡೋದು ಮಾತ್ರ ರಾತ್ರಿ.

ಬಯಲಲ್ಲಿ ರಾತ್ರಿ ಹತ್ತರ ಮೇಲೆ ಮೈಕ್ ಹಾಕೋ ಹಾಗಿಲ್ಲ. ಅದಕ್ಕೇ ಇಂಥ ಶೋ ಹತ್ತರೊಳಗೆ ಮುಗಿಯುತ್ತೆ. ಒಳ್ಳೆಯದೇ, ಆದರೆ ಸಾವಿರಾರು ಜನ ಒಂದೇ ಹೊತ್ತಿಗೆ ರಸ್ತೆಗೆ ಬರ್ತಾರೆ. ಕ್ಯಾಬ್ ಬುಕ್ ಆಗೋದಿಲ್ಲ, ಬುಕ್ ಆದರೂ ಗಾಡಿ ಅಲ್ಲಿಗೆ ತಲುಪೋದಿಲ್ಲ. ನಿಮ್ಮ ಅದೃಷ್ಟಕ್ಕೆ ಈಗ ಹಸಿರು ಮಾರ್ಗದ ಮೆಟ್ರೋ ಮಾದಾವರದವರೆಗೆ ಇದೆ, 2024ರ ನವೆಂಬರ್‌ನಲ್ಲಿ ಶುರುವಾಯ್ತು. ದಾವಣಗೆರೆಯಿಂದ ರೈಲಲ್ಲಿ ಬಂದರೆ ಮೆಜೆಸ್ಟಿಕ್‌ವರೆಗೆ ಹೋಗಬೇಡಿ. ಯಶವಂತಪುರದಲ್ಲೇ ಇಳಿಯಿರಿ, ಪಕ್ಕದಲ್ಲೇ ಮೆಟ್ರೋ, ಅದೇ ಮಾರ್ಗ. ಆ ಸುತ್ತಲೇ ರೂಮು ಮಾಡಿಕೊಂಡು ರಾತ್ರಿ ಅಲ್ಲೇ ಉಳಿಯಿರಿ. ಹೋಗುವಾಗಲೇ ವಾಪಸ್ ಬರೋ ಮೆಟ್ರೋ ಟಿಕೆಟ್ ಫೋನಲ್ಲಿ ತೆಗೆದಿಟ್ಟುಕೊಳ್ಳಿ. ಶೋ ಮುಗಿಯೋ ಹೊತ್ತಿಗೆ ನೆಟ್‌ವರ್ಕ್ ಸತ್ತು ಹೋಗಿರುತ್ತೆ.

ಇನ್ನು ನಿಲ್ಲೋ ಜಾಗ. ವೇದಿಕೆ ಮುಂದಿನ ಕಟಕಟೆ ಹಿಡಿದು ನಿಲ್ಲಬೇಕು ಅನ್ನೋ ಆಸೆ ಮಗಳಿಗೆ ಇದ್ದೇ ಇರುತ್ತೆ. ಹಾಗೆ ನಿಂತವರು ಮಧ್ಯಾಹ್ನದಿಂದ ಬಿಸಿಲಲ್ಲಿ ನಿಂತಿರ್ತಾರೆ, ಬಾತ್‌ರೂಮಿಗೆ ಹೋದರೆ ಜಾಗ ಹೋಯ್ತು. ನನ್ನ ಸಲಹೆ, ಮೈದಾನದ ನಡುವೆ ಸೌಂಡ್ ಎಂಜಿನಿಯರ್‌ಗಳು ಕೂರೋ ಗುಡಾರ ಇರುತ್ತಲ್ಲ, ಅದರ ಅಕ್ಕಪಕ್ಕ ನಿಲ್ಲಿ. ಅವರು ಅಲ್ಲಿ ಕೂತು ಕೇಳಿಯೇ ಸೌಂಡ್ ಹದ ಮಾಡೋದು. ಹಾಗಾಗಿ ಇಡೀ ಮೈದಾನದಲ್ಲಿ ಚೆನ್ನಾಗಿ ಕೇಳಿಸೋದು ಅಲ್ಲೇ. ಗುಡಾರದ ಬೇಲಿಗೆ ಒರಗೋದಕ್ಕೂ ಆಗುತ್ತೆ.

ಎಡ್ ವಿಷಯದಲ್ಲಂತೂ ಕಿವಿಗೇ ಕೆಲಸ ಜಾಸ್ತಿ. ಬಹುಪಾಲು ಹಾಡುಗಳಿಗೆ ಹಿಂದೆ ಬ್ಯಾಂಡ್ ಇಲ್ಲ, ಒಬ್ಬರೇ. ಮೊದಲು ಗಿಟಾರಿನ ಹೊಟ್ಟೆಗೆ ಅಂಗೈಯಲ್ಲಿ ಧಬ್ ಅಂತ ಹೊಡೀತಾರೆ, ಕಾಲಲ್ಲಿ ಪೆಡಲ್ ಒತ್ತುತ್ತಾರೆ. ಆ ಧಬ್ ತಾನೇ ಸುತ್ತಿ ಸುತ್ತಿ ಬರೋಕೆ ಶುರುವಾಗುತ್ತೆ. ಅದರ ಮೇಲೆ ತಂತಿ ಉಜ್ಜಿದ ಸದ್ದು, ಮತ್ತೆ ಪೆಡಲ್. ಆಮೇಲೆ ಒಂದು ಗುನುಗು, ಅದರ ಮೇಲೆ ಇನ್ನೊಂದು ದನಿ. ಐದಾರು ಪದರ ಆದಮೇಲೆ ಗಿಟಾರಿಂದ ಕೈ ತೆಗೆದು ಸುಮ್ನೆ ನಡೆದಾಡ್ತಾರೆ, ಹಾಡು ಓಡ್ತಾನೇ ಇರುತ್ತೆ. ಎಲ್ಲ ಅಲ್ಲೇ ಕಣ್ಣೆದುರಿಗೇ ಕಟ್ಟಿದ್ದು. ಒಂದು ಹೊಡೆತ ತಾಳ ತಪ್ಪಿದರೆ ಆ ತಪ್ಪೇ ಸುತ್ತಿ ಸುತ್ತಿ ಬರುತ್ತೆ. ಇದನ್ನ ಫೋನ್ ಎತ್ತಿ ರೆಕಾರ್ಡ್ ಮಾಡ್ತಾ ಕೂತರೆ ಏನು ನೋಡಿದ ಹಾಗಾಯ್ತು ಹೇಳಿ.

ಉತ್ತರ, ಜಯನಗರದಿಂದ

ಟಿಕೆಟ್ಟೇ ಬೇಡ, ಚರ್ಚ್ ಸ್ಟ್ರೀಟಿಗೆ ತಿಂಡಿಗೆ ಹೋಗಿ! ಎರಡನೇ ದಿನ ಬೆಳಿಗ್ಗೆ ಎಡ್ ಅಲ್ಲಿ ಫುಟ್‌ಪಾತ್ ಮೇಲೆ ನಿಂತು ‘ಶೇಪ್ ಆಫ್ ಯೂ’ ಹಾಡ್ತಾ ಇದ್ದರು, ಪೊಲೀಸರು ಬಂದು ವೈರ್ ಎಳೆದರು. ಅನುಮತಿ ಇತ್ತು ಅಂತ ಅವರು, ಕೊಟ್ಟಿರಲಿಲ್ಲ ಅಂತ ಪೊಲೀಸರು. ಅವತ್ತು ರಾತ್ರಿ ಶಿಲ್ಪಾ ರಾವ್ ಜೊತೆ ಸೇರಿ ತೆಲುಗಿನ ‘ಚುಟ್ಟಮಲ್ಲೆ’ ಹಾಡಿದರು. ಬೆಂಗಳೂರಲ್ಲಿ ನಿಂತು ಕನ್ನಡದ್ದು ಒಂದು ಸಾಲಾದರೂ ಬೇಡ್ವಾ ಅಂತ ನನಗಿನ್ನೂ ಸಣ್ಣ ಸಿಟ್ಟಿದೆ. ಚೆನ್ನೈ ಶೋಗಾದರೆ ರೆಹಮಾನ್ ಅವರೇ ಬಂದು ಅದೇ ‘ಶೇಪ್ ಆಫ್ ಯೂ’ ಜೊತೆ ತಮ್ಮ ತಮಿಳಿನ ‘ಊರ್ವಶಿ’ ಸೇರಿಸಿದರು.

ಉತ್ತರ, ಸಿಂಗಾಪುರದಿಂದ

ಅಕ್ಕಾ, ನಿಮ್ಮ ತಮ್ಮ ಹೇಳಿದ್ದು ಅರ್ಧ ನಿಜ. ನೋಡೋದು ಸುಲಭ, ಟಿಕೆಟ್ ಸಿಗೋದು ಕಷ್ಟ.

2024ರ ಮಾರ್ಚ್‌ನಲ್ಲಿ ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್ ಇಲ್ಲಿ ಆರು ಶೋ ಮಾಡಿದರು, ಆಗ್ನೇಯ ಏಷ್ಯಾದಲ್ಲಿ ಬೇರೆಲ್ಲೂ ಇಲ್ಲ. ಇಲ್ಲಿನ ಸರ್ಕಾರ ಪ್ರೋತ್ಸಾಹಧನ ಕೊಟ್ಟು ತರಿಸಿಕೊಂಡಿದ್ದು. ಅಕ್ಕಪಕ್ಕದ ದೇಶದವರಿಗೆ ಇದರ ಬಗ್ಗೆ ಮುನಿಸೂ ಇತ್ತು. ಅವರೆಲ್ಲ ವಿಮಾನ ಹತ್ತಿ ಇಲ್ಲಿಗೇ ಬಂದರು. ಟಿಕೆಟ್ ಮಾರಾಟ ಆಗಿದ್ದು ಎಂಟು ತಿಂಗಳ ಮುಂಚೆ, 2023ರ ಜುಲೈನಲ್ಲಿ. ಮೊದಲು ಒಂದು ಬ್ಯಾಂಕಿನ ಕಾರ್ಡ್ ಇದ್ದವರಿಗೆ, ಆಮೇಲೆ ಉಳಿದವರಿಗೆ, ಅದೂ ಮೊದಲೇ ಹೆಸರು ನೋಂದಾಯಿಸಿದವರಿಗೆ. ಆನ್‌ಲೈನ್ ಜೊತೆಗೆ ಅಂಚೆ ಕಚೇರಿ ಕೌಂಟರಿನಲ್ಲೂ ಕೊಟ್ಟರು. ಹಿಂದಿನ ರಾತ್ರಿಯೇ ಚಾಪೆ ಹಾಸಿಕೊಂಡು ಸಾಲು! ಹಾಗಾಗಿ ನಿಮ್ಮ ತಮ್ಮನಿಗೆ ಈಗಲೇ ಹೇಳಿಡಿ, ಟೂರ್ ಘೋಷಣೆಯಾದ ದಿನವೇ ಯಾವ ಕಾರ್ಡಿಗೆ ಮೊದಲ ಸರದಿ ಅಂತ ನೋಡಲಿ. ಶೋ ಹತ್ತಿರ ಬಂದಮೇಲೆ ಹೋಟೆಲ್, ವಿಮಾನ ಎರಡೂ ಕೈಗೆ ಸಿಗೋದಿಲ್ಲ. ಉಳಿಯೋದಕ್ಕೆ ತಮ್ಮನ ಮನೆ ಇದೆಯಲ್ಲ, ನಿಮಗೆ ಅರ್ಧ ಖರ್ಚು ಉಳಿಯಿತು.

ಟಿಕೆಟ್ ಒಂದು ಸಿಕ್ಕರೆ ಉಳಿದದ್ದೆಲ್ಲ ನೀರು ಕುಡಿದಷ್ಟು ಸಲೀಸು. ಆ ಶೋ ನಡೆದ ನ್ಯಾಷನಲ್ ಕ್ರೀಡಾಂಗಣಕ್ಕೆ ಚಾವಣಿ ಇದೆ, ಮಳೆ ಬಂದರೂ ಚಿಂತೆಯಿಲ್ಲ. ಆ ಶೋನಲ್ಲಿ ನಂಬರ್ ಹಾಕಿದ ಕುರ್ಚಿ, ಯಾರೂ ನೂಕೋದಿಲ್ಲ. ಹೊರಗೆ ಬಂದರೆ ಎದುರಿಗೇ ಸ್ಟೇಡಿಯಂ ಅನ್ನೋ ಹೆಸರಿನದೇ ರೈಲು ನಿಲ್ದಾಣ. ಅಮ್ಮ ಮಗಳಿಬ್ಬರೇ ರಾತ್ರಿ ಆರಾಮಾಗಿ ಹೋಗಬಹುದು. ಬ್ಯಾಗಿನ ಅಳತೆ ಮಾತ್ರ ಮೊದಲೇ ನೋಡಿಕೊಳ್ಳಿ, ದೊಡ್ಡದಾದರೆ ಒಳಗೆ ಬಿಡೋದಿಲ್ಲ.

ಉತ್ತರ, ಮುಂಬೈಯಿಂದ

ನಾನು ಇಲ್ಲಿ ಕೆಲಸ ಮಾಡೋ ಹುಬ್ಬಳ್ಳಿ ಹುಡುಗಿ. 2024ರ ನವೆಂಬರ್ 30ಕ್ಕೆ ಬ್ರಿಟನ್ನಿನ ಪಾಪ್ ಗಾಯಕಿ ದುವಾ ಲಿಪಾ ಇಲ್ಲಿನ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಎಂಎಂಆರ್‌ಡಿಎ ಮೈದಾನದಲ್ಲಿ ಹಾಡಿದರು. ಆ ವರ್ಷ ಮೇ ತಿಂಗಳಲ್ಲಿ ಬಂದ ‘ರ‍್ಯಾಡಿಕಲ್ ಆಪ್ಟಿಮಿಸಂ’ ಆಲ್ಬಮ್ ಜನಕ್ಕೆ ತಲುಪಿಸೋ ಸುತ್ತಾಟ ಅದು. ಆದರೆ ಜನ ಕೂಗಿ ಕುಣಿದಿದ್ದು ಯಾವುದಕ್ಕೆ ಗೊತ್ತಾ? ಅವರ ಹಳೇ ‘ಲೆವಿಟೇಟಿಂಗ್’ ಹಾಡಿಗೆ ಶಾರುಖ್ ಸಿನಿಮಾದ ‘ವೋ ಲಡ್ಕೀ ಜೋ’ ಬೆಸೆದು ಹಾಕಿದಾಗ. ಯಾರೋ ತಮಾಷೆಗೆ ಮಾಡಿ ಇಂಟರ್ನೆಟ್‌ನಲ್ಲಿ ಬಿಟ್ಟಿದ್ದ ಬೆಸುಗೆ, ಅದನ್ನೇ ಅವರು ವೇದಿಕೆಗೆ ತಂದರು.

ನನ್ನ ಒಂದೇ ಸಲಹೆ, ಊಟ ಮುಗಿಸಿಕೊಂಡೇ ಒಳಗೆ ಹೋಗಿ. ಕೆಲವು ಕಡೆ ಒಳಗೆ ನಗದು ನಡೆಯೋದಿಲ್ಲ, ಕೈಗೆ ಕಟ್ಟೋ ಪಟ್ಟಿಗೆ ದುಡ್ಡು ತುಂಬಿಸಬೇಕು. ಒಂದು ಶೋನಲ್ಲಿ ಉಳಿದ ದುಡ್ಡು ವಾಪಸ್ ಕೇಳೋಕೆ ಕೊಟ್ಟ ಗಡುವು ಎಷ್ಟು ಕಡಿಮೆ ಇತ್ತಂದ್ರೆ, ನಾನು ಅರ್ಜಿ ತುಂಬೋ ಹೊತ್ತಿಗೆ ಮುಗಿದೇ ಹೋಗಿತ್ತು. ಸ್ವಲ್ಪ ಸ್ವಲ್ಪವೇ ತುಂಬಿಸಿ.

ಕೇಳಿದವರು, ದಾವಣಗೆರೆ

ಎಲ್ಲರಿಗೂ ಧನ್ಯವಾದ. ಒಂದು ಅನುಮಾನ. ಆಲ್ಬಮ್‌ಗಾಗಿ ಟೂರ್ ಅಂದ್ರೆ ಬರೀ ಹೊಸ ಹಾಡೇ ಹಾಡ್ತಾರಾ? ಮಗಳಿಗೆ ಹಳೇದೇ ಇಷ್ಟ. ನನಗಂತೂ ಯಾವುದೂ ಗೊತ್ತಿಲ್ಲ.

ಉತ್ತರ, ಮೈಸೂರಿನಿಂದ

ಇಲ್ಲ ಮೇಡಂ, ಬೆರಕೆ. ನಡುನಡುವೆ ಹೊಸದು ಇಡ್ತಾರೆ, ಹಳೇ ಜನಪ್ರಿಯ ಹಾಡುಗಳನ್ನ ಕೊನೆಗೆ ಉಳಿಸಿಕೊಳ್ತಾರೆ. ಆದರೆ ಯಾವ ಹೊತ್ತಲ್ಲಿ ನೋಡ್ತೀರಿ ಅನ್ನೋದರ ಮೇಲೆ ಶೋ ಬದಲಾಗುತ್ತೆ. ಮೇಲೆ ಸಿಂಗಾಪುರದವರು ಹೇಳಿದ ಟೇಲರ್ ಟೂರ್ ನೋಡಿ. ಮಾರ್ಚ್‌ನಲ್ಲಿ ಅಲ್ಲಿ ಮುಗೀತು, ಏಪ್ರಿಲ್‌ನಲ್ಲಿ ಹೊಸ ಆಲ್ಬಮ್ ಬಂತು, ಮೇ ತಿಂಗಳಲ್ಲಿ ಪ್ಯಾರಿಸ್‌ನಿಂದ ಮುಂದಕ್ಕೆ ಅದರ ಹಾಡುಗಳಿಗೇ ಒಂದು ಭಾಗ ಸೇರಿಕೊಂಡಿತು. ಸಿಂಗಾಪುರದಲ್ಲಿ ನೋಡಿದವರಿಗೆ ಅದು ಸಿಗಲೇ ಇಲ್ಲ.

ಎಡ್ ಬೆಂಗಳೂರಿಗೆ ತಂದಿದ್ದು ಮ್ಯಾಥಮೆಟಿಕ್ಸ್ ಟೂರ್. ಪ್ಲಸ್, ಮಲ್ಟಿಪ್ಲೈ, ಡಿವೈಡ್, ಈಕ್ವಲ್ಸ್, ಸಬ್‌ಟ್ರಾಕ್ಟ್ ಅಂತ ಲೆಕ್ಕದ ಚಿಹ್ನೆಗಳನ್ನೇ ಹೆಸರಾಗಿಟ್ಟ ಐದು ಆಲ್ಬಮ್. 2022ರಲ್ಲಿ ಐರ್ಲೆಂಡ್‌ನಲ್ಲಿ ಶುರುವಾಗಿ 2025ರ ಸೆಪ್ಟೆಂಬರ್‌ಗೆ ಜರ್ಮನಿಯಲ್ಲಿ ಮುಗಿಯಿತು. ನಡುವೆ ಭೂತಾನಿನ ಥಿಂಪುವಿನಲ್ಲೂ ಹಾಡಿ ಅಲ್ಲಿಂದ ಪುಣೆಗೆ ಬಂದರು. ಐದರಿಂದಲೂ ಆರಿಸಿದ್ದರಿಂದ ಹಳಬರಿಗೆ ಹಬ್ಬ. ಮುಂದಿನದು ಹಾಗಿರೋದಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ‘ಪ್ಲೇ’ ಬಂತು, ಅದಕ್ಕಾಗಿ ಲೂಪ್ ಟೂರ್, 2026ರ ಜನವರಿಯಲ್ಲಿ ನ್ಯೂಜಿಲೆಂಡಿನಿಂದ ಹೊರಟಿದ್ದು. ‘ಪ್ಲೇ’ ಕೇಳದೆ ಹೋದರೆ ನಡುನಡುವೆ ಸುಮ್ನೆ ನಿಂತಿರಬೇಕಾಗುತ್ತೆ, ಸುತ್ತಲಿನವರೆಲ್ಲ ಹಾಡ್ತಾ ಇರ್ತಾರೆ.

ನೀವು ಶುರು ಮಾಡೋದಾದ್ರೆ ‘ಸಫೈರ್’ ಕೇಳಿ. ಅರಿಜಿತ್ ಸಿಂಗ್ ದನಿ ಇದೆ, ಪಂಜಾಬಿ ಸಾಲಿದೆ, ವೀಡಿಯೊ ತೆಗೆದಿದ್ದು ನಮ್ಮ ದೇಶದಲ್ಲೇ. ಅಡುಗೆ ಮಾಡುವಾಗ ಹಾಕಿಕೊಂಡರೂ ವಾರದಲ್ಲಿ ಬಾಯಿಗೆ ಬರುತ್ತೆ.

ಉತ್ತರ, ಮಲ್ಲೇಶ್ವರದಿಂದ

ನಾನು ನಿವೃತ್ತ. ಅರಮನೆ ಮೈದಾನದ ಕಾಲದವನು. 2011ರಲ್ಲಿ ಗುರುಗ್ರಾಮದಲ್ಲಿ ಮೆಟಾಲಿಕಾ ಅನ್ನೋ ಅಮೆರಿಕದ ಬ್ಯಾಂಡಿನ ಶೋ ರದ್ದಾಗಿ, ಅಲ್ಲಿಯವರೂ ಇಲ್ಲಿಗೇ ಬಂದಿದ್ದರು. ತಂಗೀ, ಕಿವಿಗೆ ಇಡೋ ಸ್ಪಂಜಿನ ಬಿರಡೆ ತಗೊಂಡು ಹೋಗಿ, ಔಷಧಿ ಅಂಗಡಿಯಲ್ಲಿ ಸಿಗುತ್ತೆ. ಹಾಡು ಕೇಳಿಸುತ್ತೆ, ಮಾರನೇ ದಿನ ಗುಂಯ್‌ಗುಟ್ಟೋದು ಇರೋದಿಲ್ಲ. ಹುಡುಗರು ನಗ್ತಾರೆ, ನಗಲಿ ಬಿಡಿ. ಚಪ್ಪಲಿ ಬೇಡ, ಶೂ.

ಉತ್ತರ, ಮಂಗಳೂರಿನಿಂದ

ನಾನು ನರ್ಸ್. ನೀರಿನ ವಿಷಯ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದ್ದೀನಿ. 2023ರ ನವೆಂಬರ್‌ನಲ್ಲಿ ಬ್ರೆಜಿಲ್‌ನ ರಿಯೊದಲ್ಲಿ ಟೇಲರ್ ಸ್ವಿಫ್ಟ್ ಶೋನಲ್ಲಿ ಸೆಕೆಗೆ ಒಬ್ಬಳು ಹುಡುಗಿ ಕುಸಿದು ಬಿದ್ದು ಆಸ್ಪತ್ರೆಯಲ್ಲಿ ತೀರಿಕೊಂಡಳು, 23 ವರ್ಷ. ಆಮೇಲೆ ಅಲ್ಲಿನ ಸರ್ಕಾರ ಜನ ತಮ್ಮ ನೀರಿನ ಬಾಟಲಿ ಒಳಗೆ ತರಬಹುದು ಅಂತ ಆದೇಶ ಮಾಡಿತು. ನಮ್ಮಲ್ಲಿ ಗೇಟಿನಲ್ಲೇ ಬಾಟಲಿ ಕಸಿದುಕೊಳ್ಳೋದು ಮಾಮೂಲು. ಹಾಗಾಗಿ ಒಳಗೆ ಹೋದ ತಕ್ಷಣ ನೀರು ಎಲ್ಲಿ ಸಿಗುತ್ತೆ ಅಂತ ನೋಡಿಕೊಳ್ಳಿ, ಬಾಯಾರಿಕೆ ಆಗೋವರೆಗೆ ಕಾಯಬೇಡಿ. ಮಗಳಿಗೆ ಬೆಳಿಗ್ಗೆ ಸರಿಯಾಗಿ ತಿನ್ನಿಸಿ. ಉತ್ಸಾಹಕ್ಕೆ ಏನೂ ತಿನ್ನದೆ ಬಂದು ತಲೆ ಸುತ್ತಿ ಬೀಳೋ ಮಕ್ಕಳೇ ಜಾಸ್ತಿ.

ಜನ ಒತ್ತುತ್ತಾ ಇದ್ದಾರೆ, ಕೈ ಎತ್ತೋಕೆ ಆಗ್ತಿಲ್ಲ ಅನಿಸಿದರೆ ಹಾಡು ಎಷ್ಟೇ ಚೆನ್ನಾಗಿರಲಿ, ಅಲ್ಲಿಂದ ಪಕ್ಕಕ್ಕೆ ಸರಿಯಿರಿ. ಹಿಂದಕ್ಕೆ ನುಗ್ಗಬೇಡಿ, ಓರೆಯಾಗಿ ಅಂಚಿನ ಕಡೆ ಬನ್ನಿ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಆಗಿದ್ದು ನಮಗೆಲ್ಲ ನೆನಪಿದೆ. ಅಲ್ಲಿ ಜನ ಸತ್ತಿದ್ದು ಗೇಟಿನ ಹತ್ತಿರ, ಒಳಗಲ್ಲ. ಗೇಟ್ ತೆಗೆಯೋ ಹೊತ್ತಿನ ನೂಕುನುಗ್ಗಲಿಗೆ ಸೇರಬೇಡಿ. ಒಂದು ಗಂಟೆ ಬಿಟ್ಟು ಹೋದರೂ ಮೊದಲು ಹಾಡೋರು ಬೇರೆಯವರೇ, ಏನೂ ತಪ್ಪೋದಿಲ್ಲ.

ಉತ್ತರ, ದಾಸರಹಳ್ಳಿಯಿಂದ ಮತ್ತೆ

ಟಿಕೆಟ್ ಮಾತು ಬಾಕಿ ಉಳಿಯಿತು. ಮಾರಾಟದ ದಿನ ನೀವು, ಮಗಳು, ತಮ್ಮ ಮೂವರೂ ಬೇರೆ ಬೇರೆ ಫೋನಿನಿಂದ ಸಾಲಿನಲ್ಲಿ ನಿಲ್ಲಿ. ಮೊದಲೇ ಲಾಗಿನ್ ಆಗಿ, ದುಡ್ಡು ಕಟ್ಟೋ ದಾರಿ ಎರಡು ಇಟ್ಟುಕೊಂಡಿರಿ. ತೋರಿಸಿದ ಬೆಲೆ ಒಂದಿರುತ್ತೆ, ಶುಲ್ಕ ತೆರಿಗೆ ಸೇರಿ ಕಟ್ಟೋದು ಇನ್ನೊಂದಿರುತ್ತೆ, ಅದಕ್ಕೆ ಸ್ವಲ್ಪ ಮೇಲೆ ದುಡ್ಡು ಇಟ್ಟುಕೊಳ್ಳಿ. ಸಿಗಲಿಲ್ಲ ಅಂತ ಇನ್‌ಸ್ಟಾಗ್ರಾಂನಲ್ಲಿ ಮಾರೋರ ಹತ್ತಿರ ಹೋಗಬೇಡಿ. ಒಂದೇ ಕ್ಯೂಆರ್ ಕೋಡನ್ನ ಹತ್ತು ಜನಕ್ಕೆ ಕಳಿಸಿರ್ತಾರೆ, ಮೊದಲು ಗೇಟಿಗೆ ಬಂದವನು ಒಳಗೆ, ಉಳಿದವರು ಹೊರಗೆ. ಇದರಲ್ಲಿ ಎಡ್ ಬಹಳ ಖಡಕ್ಕು. 2018ರ ಬ್ರಿಟನ್ ಶೋಗಳಲ್ಲಿ ಕಾಳಸಂತೆಗೆ ಹೋಗಿದ್ದ ಸಾವಿರಾರು ಟಿಕೆಟ್ ರದ್ದು ಮಾಡಿದ್ದರು. ಶೋ ಹತ್ತಿರ ಬಂದಾಗ ಸಂಘಟಕರೇ ಇನ್ನೊಂದಷ್ಟು ಟಿಕೆಟ್ ಬಿಡೋದೂ ಉಂಟು, ಹಾಗಾಗಿ ಆ್ಯಪ್ ನೋಡ್ತಾ ಇರಿ.

ಬೆಂಗಳೂರಾ ಸಿಂಗಾಪುರಾ ಅಂದ್ರೆ ನಾನಂತೂ ಬೆಂಗಳೂರೇ ಅಂತೀನಿ. ವಿಮಾನದ ದುಡ್ಡಲ್ಲಿ ಒಳ್ಳೇ ಜಾಗದ ಟಿಕೆಟ್ ಬರುತ್ತೆ. ದಿನಾಂಕ ಪಿಯುಸಿ ಪರೀಕ್ಷೆ ಮೇಲೆ ಬಿದ್ದರೆ ಮಾತ್ರ ಸಿಂಗಾಪುರದ ಪಟ್ಟಿ ನೋಡಿ.