ಫೋನಿನಲ್ಲಿ ಓಡುವ ನೆಟ್ ಹಳೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಯಾಕೆ ತೆವಳುತ್ತದೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ನಮಸ್ತೆ ಸರ್. ಶಿವಮೊಗ್ಗದಲ್ಲಿ ನಿಮ್ಮದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಅಂತ ಗ್ರೂಪಿನಲ್ಲಿ ನೋಡಿ ಕೇಳುತ್ತಿದ್ದೇನೆ. ಮನೆಗೆ ಫೈಬರ್ ಹಾಕಿಸಿದ್ದೇವೆ, 100 ಎಂಬಿಪಿಎಸ್ ಪ್ಲಾನ್. ಫೋನಿನಲ್ಲಿ ಟೆಸ್ಟ್ ಮಾಡಿದರೆ 90 ಬರುತ್ತದೆ, ಅದೇ ಜಾಗದಲ್ಲಿ 2014ರ ಲ್ಯಾಪ್‌ಟಾಪಿನಲ್ಲಿ 4 ದಾಟುವುದಿಲ್ಲ. ಮಗಳ ಆನ್‌ಲೈನ್ ಕ್ಲಾಸು ನಿಂತು ನಿಂತು ಓಡುತ್ತದೆ. ಲೈನಿನವರು ‘ನಮ್ಮ ಕಡೆ ಎಲ್ಲ ಸರಿ ಇದೆ’ ಅಂತಾರೆ. ಇನ್ನೊಬ್ಬರು ಹೊಸದೇ ತಗೊಳ್ಳಿ ಅಂತಾರೆ. ಎಂತ ಮಾಡೋದು?

ಉತ್ತರ: ಹೊಸದು ಈಗಲೇ ಬೇಡ. ಫೋನಿಗೆ 90 ಬರುತ್ತಿದೆ ಅಂದಮೇಲೆ ಲೈನಿನವರು ಹೇಳಿದ್ದು ಸರಿಯೇ. ಲ್ಯಾಪ್‌ಟಾಪಿಗೆ 90 ಬರದಿರುವುದೂ ಸಹಜ. ಆ ಕಾಲದ ಕಡಿಮೆ ಬೆಲೆಯ ಎಷ್ಟೋ ಮಾಡೆಲ್‌ಗಳ ವೈಫೈ ಕಾರ್ಡ್ 2.4 ಗಿಗಾಹರ್ಟ್ಸ್ ಅನ್ನುವ ನಿಧಾನದ ಬ್ಯಾಂಡ್ ಮಾತ್ರ ಹಿಡಿಯುತ್ತದೆ, ಫೋನು ವೇಗದ 5 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ. ಒಂದೇ ಆಂಟೆನಾದ ಅಂಥ ಕಾರ್ಡಿಗೆ ಸಾಮಾನ್ಯವಾಗಿ ವಿಂಡೋಸ್ ತೋರಿಸುವ ಲಿಂಕ್ ಸ್ಪೀಡೇ (ರೂಟರಿಗೂ ಲ್ಯಾಪ್‌ಟಾಪಿಗೂ ನಡುವಿನ ವೇಗ) 72, ಕೈಗೆ ಸಿಗುವುದು ಅದರ ಅರ್ಧ. ಕ್ಲಾಸಿಗೆ ಅಷ್ಟು ಧಾರಾಳ ಸಾಕು. ಆದರೆ 4 ಅಂದರೆ ಬೇರೆ ಎಂತದೋ ಇದೆ.

ಸುಮ್ನೆ ಊಹೆ ಮಾಡೋದು ಬೇಡ. ವೈಫೈ ಆಫ್ ಮಾಡಿ, ಲ್ಯಾನ್ ಕೇಬಲ್ ಅನ್ನು ರೂಟರಿನಿಂದ ಲ್ಯಾಪ್‌ಟಾಪಿಗೆ ನೇರ ಹಾಕಿ ಟೆಸ್ಟ್ ಮಾಡಿ. ಆಮೇಲೆ ಕೇಬಲ್ ತೆಗೆದು, ರೂಟರಿನ ಪಕ್ಕದಲ್ಲೇ ಕೂತು ವೈಫೈನಲ್ಲಿ ಇನ್ನೊಮ್ಮೆ. ಎರಡೂ ಅಂಕಿ ಇಲ್ಲಿ ಹಾಕಿ. ಯಾವ ಪ್ರೋಗ್ರಾಂ ಎಷ್ಟು ನೆಟ್, ಮೆಮೊರಿ ತಿನ್ನುತ್ತಿದೆ ಅಂತ ವಿಂಡೋಸ್ ತೋರಿಸುವ ಟಾಸ್ಕ್ ಮ್ಯಾನೇಜರಿನ ನೆಟ್‌ವರ್ಕ್ ಕಾಲಂ ಮೇಲೂ ಒಂದು ಕಣ್ಣಿರಲಿ, ಹಿಂದಿನಿಂದ ವಿಂಡೋಸ್ ಅಪ್‌ಡೇಟೋ ಫೋಟೋ ಬ್ಯಾಕಪ್ಪೋ ನಡೆಯುತ್ತಿದ್ದರೆ ಆ ಟೆಸ್ಟಿಗೆ ಬೆಲೆ ಇಲ್ಲ.

ಪ್ರಶ್ನೆ ಕೇಳಿದವರು: ಕೇಬಲ್‌ನಲ್ಲಿ 93 ಬಂತು ಸರ್! ವೈಫೈನಲ್ಲಿ ಪಕ್ಕದಲ್ಲೇ ಕೂತರೂ 6, ಸಿಗ್ನಲ್ ಎರಡೇ ಕಡ್ಡಿ. ನಮ್ಮದು ಜಂಬಿಟ್ಟಿಗೆ ಕಲ್ಲಿನ ಗೋಡೆ, ಅದಕ್ಕೇ ಇರಬಹುದಾ?

ಉತ್ತರ: ಪಕ್ಕದಲ್ಲೇ ಕೂತಾಗ ನಡುವೆ ಗೋಡೆ ಎಲ್ಲಿಂದ ಬಂತು ಮಾರಾಯ್ರೆ! ಕಲ್ಲಿನ ದಪ್ಪ ಗೋಡೆ ಸಿಗ್ನಲ್ ತಿನ್ನುವುದು ನಿಜ, ಅದರಲ್ಲೂ 5 ಗಿಗಾಹರ್ಟ್ಸ್ ಜಾಸ್ತಿ ಸೊರಗುತ್ತದೆ, ಆದರೆ ಅದು ಒಳಕೋಣೆಯ ಕಥೆ. ರೂಟರಿನ ಬುಡದಲ್ಲೇ ಎರಡು ಕಡ್ಡಿ ಅಂದರೆ ನನಗೆ ಆಂಟೆನಾ ಮೇಲೇ ಅನುಮಾನ. ಒಂದು ಹೇಳಿ, ಈ ಲ್ಯಾಪ್‌ಟಾಪಿನ ಹಿಂಜ್ (ಸ್ಕ್ರೀನ್ ಮಡಚುವ ಕೀಲು) ಅಥವಾ ಸ್ಕ್ರೀನ್ ಯಾವಾಗಾದರೂ ರಿಪೇರಿ ಆಗಿತ್ತಾ?

ಪ್ರಶ್ನೆ ಕೇಳಿದವರು: ಹೌದು ಸರ್, ಕಳೆದ ಮಳೆಗಾಲದಲ್ಲಿ ಹಿಂಜ್ ಮುರಿದಿತ್ತು. ಹಾಗೆ ನೋಡಿದರೆ ತೊಂದರೆ ಶುರುವಾಗಿದ್ದೂ ಆಮೇಲೇ.

ಉತ್ತರ: ಹಾಗಾದರೆ ಅಲ್ಲೇ ನೋಡಬೇಕು. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಆಂಟೆನಾ ಇರುವುದು ಸ್ಕ್ರೀನಿನ ಅಂಚಿನಲ್ಲಿ. ಅಲ್ಲಿಂದ ತೆಳ್ಳಗಿನ ವೈರು, ಸಾಮಾನ್ಯವಾಗಿ ಒಂದು ಕಪ್ಪು ಒಂದು ಬಿಳಿ, ಹಿಂಜ್ ಒಳಗಿಂದ ಹಾದು ಕೆಳಗಿನ ಕಾರ್ಡಿಗೆ ಬರುತ್ತವೆ. ತುದಿಯಲ್ಲಿ ಸಾಸಿವೆ ಕಾಳಿಗಿಂತ ತುಸು ದೊಡ್ಡ ಹಿತ್ತಾಳೆ ಬಣ್ಣದ ಗುಂಡಿ, ಅದನ್ನು ಕಾರ್ಡಿನ ಮೇಲೆ ಟಿಕ್ ಅನ್ನುವ ಹಾಗೆ ಒತ್ತಬೇಕು. ಹಿಂಜ್ ಬಿಚ್ಚುವಾಗ ಇವನ್ನು ತೆಗೆಯುತ್ತಾರೆ, ಮತ್ತೆ ಹಾಕುವಾಗ ಅರ್ಧ ಕೂರುತ್ತದೆ, ಇಲ್ಲವೇ ವೈರು ಹಿಂಜ್ ನಡುವೆ ಸಿಕ್ಕಿ ಒಳಗೇ ತುಂಡಾಗುತ್ತದೆ. ವೈರು ಕಡಿದರೂ ವೈಫೈ ಪೂರ್ತಿ ಹೋಗುವುದಿಲ್ಲ, ಹತ್ತಿರದಲ್ಲಿ ಇಷ್ಟಿಷ್ಟು ಹಿಡಿಯುತ್ತಾ ಇರುತ್ತದೆ. ಅದಕ್ಕೇ ಜನ ನೆಟ್‌ನವರನ್ನು ಬೈಯುತ್ತಾ ಕೂರುತ್ತಾರೆ.

ಹಿಂಜ್ ರಿಪೇರಿ ಮಾಡಿದವರ ಹತ್ತಿರವೇ ಒಯ್ದು ‘ಆಂಟೆನಾ ವೈರು ನೋಡಿ’ ಅಂತ ಕೇಳಿ. ನೀವೇ ಬಿಚ್ಚುವುದಾದರೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆಯಿರಿ, ಗುಂಡಿಯನ್ನು ಸ್ಕ್ರೂಡ್ರೈವರಿನಿಂದ ಮೀಟಬೇಡಿ. ವೈರೇ ಹೋಗಿದ್ದರೆ ಯುಎಸ್‌ಬಿ ವೈಫೈ ಅಡಾಪ್ಟರ್ ಹಾಕಿಬಿಡಿ. ಡಬ್ಬಿಯ ಮೇಲೆ ಬರೀ ‘150’ ಅಂತಿರುವ ಗಿಡ್ಡದು 2.4 ಮಾತ್ರ ಹಿಡಿಯುತ್ತದೆ. 5 ಗಿಗಾಹರ್ಟ್ಸ್ ಅಂತ ಸ್ಪಷ್ಟವಾಗಿ ಬರೆದದ್ದೇ ತಗೊಳ್ಳಿ. ಅಲ್ಲಿಯವರೆಗೆ ಕ್ಲಾಸಿಗೆ ಆ ಕೇಬಲ್ ಇದೆಯಲ್ಲ. ಗುಡುಗು ಬಂದಾಗ ಮಾತ್ರ ಕೇಬಲ್ಲು, ಚಾರ್ಜರು ಎರಡೂ ತೆಗೆದಿಡಿ.

ಇನ್ನೊಬ್ಬರು (ಹೊಸನಗರ): ಸರ್, ನಮ್ಮದು ಉಲ್ಟಾ. ಸ್ಪೀಡ್ ಟೆಸ್ಟ್ ಚೆನ್ನಾಗಿ ಬರುತ್ತೆ, ಆದರೂ ಒಂದು ಪೇಜ್ ತೆರೆಯಲು ಕಾದು ಸಾಕಾಗುತ್ತೆ. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ವಿಂಡೋಸ್ 7.

ಉತ್ತರ: ನಿಮ್ಮ ನೆಟ್ಟಿಗೆ ಏನೂ ಆಗಿಲ್ಲ. ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ನೋಡಿ, ಭರ್ತಿ ಇರುತ್ತದೆ. ಆಗ ಬ್ರೌಸರ್ ಪ್ರತಿಯೊಂದಕ್ಕೂ ಆ ಹಾರ್ಡ್ ಡಿಸ್ಕ್ ಕಡೆ ಓಡಬೇಕು. ಅದರ ಜಾಗಕ್ಕೆ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್) ಹಾಕಿಸಿ, ಸಾಧ್ಯವಾದರೆ ರ‍್ಯಾಮನ್ನೂ 8 ಜಿಬಿ ಮಾಡಿಸಿ. ವಿಂಡೋಸ್ 7 ಮಾತ್ರ ಬಿಡಿ, ಅದರಲ್ಲಿ ಕ್ರೋಮ್ 109ನೇ ಆವೃತ್ತಿಗೇ ನಿಂತುಹೋಗಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ ಬರೀ ನೆಟ್ ನೋಡುವವರಿಗೆ ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಸಿಕೊಳ್ಳಿ ಅಂತೀನಿ.

ಮತ್ತೊಬ್ಬರು (ಆಗುಂಬೆ ಹತ್ತಿರ): ನಮಗೆ ಫೈಬರ್ ಬಂದಿಲ್ಲ, ಹಾಟ್‌ಸ್ಪಾಟೇ ಗತಿ. ಹೊಸ ಫೋನು ತಗೊಂಡ ಮೇಲೆ ಹಳೇ ಲ್ಯಾಪ್‌ಟಾಪಿನಲ್ಲಿ ಹಾಟ್‌ಸ್ಪಾಟ್ ಹೆಸರೇ ಕಾಣಿಸುತ್ತಿಲ್ಲ.

ಉತ್ತರ: ಫೋನು 5 ಗಿಗಾಹರ್ಟ್ಸ್‌ನಲ್ಲಿ ಹಾಟ್‌ಸ್ಪಾಟ್ ಬಿಡುತ್ತಿರಬೇಕು. ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಬ್ಯಾಂಡ್ 2.4 ಮಾಡಿ, ಕಾಣಿಸುತ್ತದೆ. ಕೂತ ಜಾಗದಲ್ಲೇ ಟವರ್ ಸಿಗುತ್ತದೆ ಅಂದರೆ ಚಾರ್ಜಿಂಗ್ ಕೇಬಲ್ಲಿನಿಂದ ಯುಎಸ್‌ಬಿ ಟೆದರಿಂಗ್ (ಫೋನಿನ ನೆಟ್ಟನ್ನು ಕೇಬಲ್ಲಿನಲ್ಲೇ ಲ್ಯಾಪ್‌ಟಾಪಿಗೆ ಕೊಡುವುದು) ಮಾಡುವುದು ಇನ್ನೂ ವಾಸಿ, ಹಳೇ ವೈಫೈ ಕಾರ್ಡಿನ ಗೊಡವೆಯೇ ಇಲ್ಲ. ವಿಂಡೋಸ್ 10 ಆಗಿದ್ದರೆ ಆ ಕನೆಕ್ಷನ್ನಿಗೆ ‘ಮೀಟರ್ಡ್’ (ಡೇಟಾ ಮಿತಿ ಇದೆ ಅಂತ ವಿಂಡೋಸ್‌ಗೆ ಹೇಳುವ ಸೆಟ್ಟಿಂಗ್) ಆನ್ ಮಾಡಿ, ಇಲ್ಲದಿದ್ದರೆ ದಿನದ ಡೇಟಾವನ್ನೆಲ್ಲ ಅಪ್‌ಡೇಟೇ ನುಂಗಿಬಿಡುತ್ತದೆ.