ಹೀರೋಯಿನ್ ಆಗಿದ್ದವರು ಅಮ್ಮನ ಪಾತ್ರಕ್ಕೆ ಬಂದಾಗ ಅದನ್ನ ಹೇಗೆ ಒಪ್ಕೊಂಡ್ರು?

ಹಳೇಸಿನಿಮಾ_ಪ್ರೇಮಿ:
ಎಲ್ಲರಿಗೂ ನಮಸ್ಕಾರ. ಈಚೆಗೆ ನಮ್ಮ ಹಿರಿಯ ನಟಿಯರ ಹಳೇ ಸಂದರ್ಶನಗಳನ್ನ ಹುಡುಕಿ ಹುಡುಕಿ ನೋಡ್ತಿದೀನಿ. ಜನ ಮುಗಿಬಿದ್ದು ನೋಡ್ತಿದ್ದ ನಾಯಕಿಯರು ಕೆಲವೇ ವರ್ಷದಲ್ಲಿ ತಲೆಗೆ ಬಿಳಿ ಬಣ್ಣ ಹಚ್ಕೊಂಡು ಅಮ್ಮ ಆಗಿ ನಿಂತಿದಾರೆ, ಆದ್ರೂ ಹೆಸರು ಕಮ್ಮಿ ಆಯ್ತು ಅನ್ನೋ ಕೊರಗಿಗಿಂತ ಕೆಲಸದ ಮಾತೇ ಜಾಸ್ತಿ ಕೇಳ್ಸುತ್ತೆ. ನಿಜವಾಗ್ಲೂ ಬೇಜಾರಾಗ್ತಿರ್ಲಿಲ್ವಾ? ತಿಳಿದವರು ಹೇಳಿ.

ರಂಗದ_ನಂಟು:
ಲೀಲಾವತಿ ಅಮ್ಮನವರಂಥ ಎಷ್ಟೋ ಜನ ನಾಟಕ ಕಂಪನಿಯಿಂದ ಬಂದವರು, ಅದನ್ನ ಮರೀಬೇಡಿ. ಕಂಪನೀಲಿ ಇವತ್ತು ರಾಣಿ, ನಾಳೆ ದಾಸಿ, ಮೈಕ್ ಸರಿ ಇಲ್ದಿದ್ರೂ ಕೊನೇ ಸಾಲಿನವರಿಗೆ ಮಾತು ಮುಟ್ಟಬೇಕು, ಪಾತ್ರ ಚಿಕ್ಕದು ಅಂತ ಮುಖ ಊದಿಸ್ಕೊಂಡ್ರೆ ಅಲ್ಲಿ ನಡೀತಿರ್ಲಿಲ್ಲ. 1969ರ ಗೆಜ್ಜೆಪೂಜೆ ನೋಡಿ. ಕಲ್ಪನಾಗೆ ತಾಯಿ ಆಗಿದ್ದು ಲೀಲಾವತಿ, ಆಗಿನ್ನೂ ಅವರಿಗೆ ಮೂವತ್ತು ದಾಟಿತ್ತಷ್ಟೇ, ಇಬ್ಬರ ವಯಸ್ಸಲ್ಲಿ ತಾಯಿ ಮಗಳ ಅಂತರ ಎಲ್ಲಿತ್ತು? ಆದ್ರೆ ಸಿನಿಮಾ ನೋಡೋವಾಗ ಒಂದು ಕ್ಷಣಾನೂ ಅದು ನೆನಪಾಗಲ್ಲ. ಮಗಳು ವೇಶ್ಯಾವೃತ್ತಿಯ ತನ್ನ ಹಾದಿ ಹಿಡೀಬಾರದು ಅನ್ನೋ ಭಯಾನ ಆಯಮ್ಮ ಕಣ್ಣಲ್ಲೇ ಇಟ್ಕೊಂಡಿದಾರೆ. ಕೊಟ್ಟ ಪಾತ್ರಾನ ಸಣ್ಣದಾಗೋಕೆ ಬಿಡದೇ ಇರೋದೇ ಅವರ ಸ್ವಾಭಿಮಾನ ಆಗಿತ್ತು ಅಂತ ನಂಗನ್ಸುತ್ತೆ.

ಸುಮ_ಎಂ:
ಮೇಲಿನವರ ಮಾತು ಒಪ್ತೀನಿ, ಆದ್ರೆ ಅರ್ಧ ಮಾತ್ರ. ಅವರು ಖುಷಿಯಿಂದ ಒಪ್ಕೊಂಡ್ರು ಅಂತ ನಾವೇ ತೀರ್ಮಾನ ಮಾಡೋದು ಸರಿ ಅಲ್ಲ, ಬೇರೆ ದಾರಿ ಎಲ್ಲಿತ್ತು ಹೇಳಿ. 1954ರ ಬೇಡರ ಕಣ್ಣಪ್ಪದಲ್ಲಿ ರಾಜ್‌ಕುಮಾರ್ ಮೊದಲ ಸಲ ಹೀರೋ ಆದಾಗ ಜೋಡಿ ಪಂಢರಿಬಾಯಿ. 1986ರ ಅನುರಾಗ ಅರಳಿತು ಹೊತ್ತಿಗೆ ಅದೇ ಪಂಢರಿಬಾಯಿ ಅವರಿಗೆ ಅಮ್ಮ, ಜೋಡಿಗೆ ಮಾಧವಿ, ಗೀತಾ! ರಾಜ್‌ಕುಮಾರ್, ಪಂಢರಿಬಾಯಿ ಇಬ್ಬರೂ ಹೆಚ್ಚು ಕಮ್ಮಿ ಒಂದೇ ವಯಸ್ಸಿನವರು ರೀ. ಅಣ್ಣಾವ್ರ ಮೇಲೆ ನಂಗೆ ಅಪಾರ ಗೌರವ, ಇದು ಅವರೊಬ್ಬರ ವಿಷಯ ಅಲ್ಲ, ಎಲ್ಲಾ ಭಾಷೇಲೂ ಕಥೆ ಬರೆಯೋರು ಹೆಂಗಸಿಗೆ ಮೂವತ್ತೈದಾದ ಮೇಲೆ ಅಡುಗೆಮನೆ, ದೇವರಮನೆ ಬಿಟ್ರೆ ಜಾಗಾನೇ ಕೊಡ್ತಿರ್ಲಿಲ್ಲ. ಮನೆ ನಡೀಬೇಕು, ಕಾಲ್‌ಶೀಟ್ ಕೇಳ್ಕೊಂಡು ಯಾರಾದ್ರೂ ಬರಬೇಕು, ಹಾಗಿರೋವಾಗ ಬೇಜಾರನ್ನ ಕ್ಯಾಮೆರಾ ಮುಂದೆ ಹೇಳ್ಕೊಳ್ತಾರಾ?

ಕಿರಣ್_ಚಿತ್ರಮಂದಿರ:
ಸುಮ ಅವರೇ, ಸರಿಯಾಗಿ ಹೇಳಿದ್ರಿ. ಇನ್ನೊಂದು ಸೇರಿಸ್ತೀನಿ, 1977ರ ಬಭ್ರುವಾಹನ. ಅಪ್ಪ ಅರ್ಜುನ, ಮಗ ಬಭ್ರುವಾಹನ ಎರಡೂ ರಾಜ್‌ಕುಮಾರ್, ಹಂಗಾಗಿ ಚಿತ್ರಾಂಗದೆ ಆಗಿದ್ದ ಬಿ. ಸರೋಜಾದೇವಿ ಒಂದೇ ಸಿನಿಮಾದಲ್ಲಿ ಅವರಿಗೆ ಹೆಂಡತೀನೂ ಹೌದು, ಅಮ್ಮಾನೂ ಹೌದು. 1955ರಲ್ಲಿ ಮಹಾಕವಿ ಕಾಳಿದಾಸದಿಂದ ಬಂದು, 1967ರಲ್ಲಿ ಮದುವೆ ಆದ್ಮೇಲೂ ನಟನೆ ಬಿಡದೇ ಇದ್ದವರು. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ.

ಹಳೇಸಿನಿಮಾ_ಪ್ರೇಮಿ:
ಎಲ್ಲರಿಗೂ ಥ್ಯಾಂಕ್ಸ್. ಬಭ್ರುವಾಹನದ ವಿಷಯ ನಂಗೆ ಹೊಳೆದೇ ಇರ್ಲಿಲ್ಲ. ಹಾಗಾದ್ರೆ ನಲವತ್ತು ದಾಟಿದ ನಟಿಗೇ ಅಂತ ಬರೆದ ಒಳ್ಳೇ ಪಾತ್ರ ನಮ್ಮಲ್ಲಿ ಯಾವುದಿದೆ?

ಸುಮ_ಎಂ:
ಗುಲಾಬಿ ಟಾಕೀಸ್ ನೋಡಿಲ್ವಾ? ಗಿರೀಶ್ ಕಾಸರವಳ್ಳಿ, 2008. ವರ್ಷಾನುಗಟ್ಟಲೆ ಕಾಮಿಡಿ ಪಾತ್ರಕ್ಕೇ ಸೀಮಿತ ಮಾಡಿದ್ದ ಉಮಾಶ್ರೀಗೆ ಅದ್ರಲ್ಲಿ ಸೂಲಗಿತ್ತಿ ಗುಲಾಬಿ ಪಾತ್ರ, ಇಡೀ ಕಥೆ ಅವರ ಹೆಗಲ ಮೇಲೆ. ಐವತ್ತರ ಆಸುಪಾಸಲ್ಲಿ ರಾಷ್ಟ್ರ ಪ್ರಶಸ್ತಿ ಬಂತು. ಮೊದಲು ಅದನ್ನ ನೋಡಿ, ಆಮೇಲೆ ಇಲ್ಲೇ ಬರೀರಿ.